ಹಿಂದೆ ಸೋಫಾ, ಮುಂದೆ ನಾನು

ಭುಜದವರೆಗೆ ನನ್ನ ಎಡಗೈ ಹಸುವಿನ ಒಳಗಿತ್ತು. ಸರಿಯಾಗಿ ಆ ಹೊತ್ತಿಗೇ ಬೆರಳುಗಳು ಕೆಲಸ ನಿಲ್ಲಿಸಿದವು.

(ಬೆಳಗಿನ ಕಾಫಿ ಜೊತೆ ಈ ಅಂಕಣ ಓದುವವರು ಕ್ಷಮಿಸಬೇಕು. ಪಶುವೈದ್ಯನ ಬರಹ ಓದುವ ಅಭ್ಯಾಸ ಇಟ್ಟುಕೊಂಡಿದ್ದೀರಿ, ಇಷ್ಟನ್ನು ಸಹಿಸಿಕೊಳ್ಳಲೇಬೇಕು.)

ಕಮ್ಮರಡಿಯಿಂದ ಸ್ವಲ್ಪ ಒಳಗಿರುವ ಶಾರದಕ್ಕನ ಕೊಟ್ಟಿಗೆ ಅದು. ಹಸುವಿನ ಹೆಸರು ಗೌರಿ. ಪ್ರಶ್ನೆ ಒಂದೇ: ಗೌರಿ ಗಬ್ಬವೋ, ಅಲ್ಲವೋ?

ಇದನ್ನು ಕಂಡುಹಿಡಿಯಲು ನನ್ನ ಹತ್ತಿರ ಇರುವ ಯಂತ್ರವೆಂದರೆ ಬೆರಳು. ನಾಲ್ಕು ತಿಂಗಳು ಆಗುವ ಹೊತ್ತಿಗೆ ಗರ್ಭಕೋಶ ಕೆಳಗೆ ಜಾರಿರುತ್ತದೆ, ಕೈಗೆ ಸಲೀಸಾಗಿ ಸಿಗುವುದಿಲ್ಲ. ಆದರೆ ಅದಕ್ಕೆ ರಕ್ತ ಒಯ್ಯುವ ನಾಳವೊಂದು ಸಿಗುತ್ತದೆ. ಹಸು ಗಬ್ಬವಾಗಿದ್ದರೆ ಆ ನಾಳ ಬೆರಳ ನಡುವೆ ಝುಂ ಅನ್ನುತ್ತದೆ. ಜೇಬಿನಲ್ಲಿ ಸೈಲೆಂಟ್ ಮೋಡ್‌ನಲ್ಲಿಟ್ಟ ಮೊಬೈಲ್ ನಡುಗಿದ ಹಾಗೆ. ಅದು ಸಿಕ್ಕಿತೆಂದರೆ ಮುಗಿಯಿತು, ಅನುಮಾನವೇ ಇಲ್ಲ.

ಅವತ್ತು ನನಗೆ ಝುಂ ಸಿಕ್ಕಿತು. ತೊಂದರೆ ಏನೆಂದರೆ, ಅದು ನನ್ನದೇ ಬೆರಳಿನ ಝುಂ.

ಕೊಪ್ಪದಿಂದ ಬೈಕಿನಲ್ಲಿ ಬರುವಾಗಲೇ ಎಡಗೈಗೆ ಜೋಮು ಹಿಡಿದಿತ್ತು. ಕೈ ಕೊಡವಿದೆ, ತಿಕ್ಕಿದೆ, ಬಿಸಿನೀರಿನಲ್ಲಿ ತೊಳೆದೆ. ಗ್ಲೌಸ್ ಹಾಕಿಕೊಂಡು ಒಳಗೆ ಹುಡುಕಿದರೆ ಎಲ್ಲ ಕಡೆಯೂ ಝುಂ. ಯಾವುದು ಗೌರಿಯದ್ದು, ಯಾವುದು ನನ್ನದು? ಹೊರಗೆ ತೆಗೆದು ಬಲಗೈ ಹಾಕಿದೆ. ಬಲಗೈಗೆ ಆ ದಾರಿ ಗೊತ್ತೇ ಇಲ್ಲ. ಇಷ್ಟು ವರ್ಷ ಎಡಗೈಯಲ್ಲೇ ನೋಡಿದವನು ಬಲಗೈಯಲ್ಲಿ ನೋಡುವುದೆಂದರೆ ಕತ್ತಲಲ್ಲಿ ಬೇರೆಯವರ ಮನೆಯ ಸ್ವಿಚ್ ಹುಡುಕಿದ ಹಾಗೆ.

“ಎಂತ ಡಾಕ್ಟ್ರೆ, ಇಷ್ಟೊತ್ತು? ಒಳಗೆ ಉಂಗುರ ಗಿಂಗುರ ಬಿತ್ತಾ?” ಶಾರದಕ್ಕ ಹಸುವಿನ ಮುಖದ ಹತ್ತಿರ ನಿಂತು ಕೇಳಿದರು.

“ಇಲ್ಲ ಇಲ್ಲ. ಸ್ವಲ್ಪ ತಡೀರಿ.”

“ತಡೆಯೂದು ಎಂತಕ್ಕೆ? ಉಂಟು ಅಂದ್ರೆ ಉಂಟು, ಇಲ್ಲ ಅಂದ್ರೆ ಇಲ್ಲ. ನಾಳಿದ್ದು ಎನ್.ಆರ್. ಪುರದ ದನದ ದಲ್ಲಾಳಿ ಬರ್ತಾನೆ. ಹೋದ ಸಲವೂ ಗಬ್ಬ ನಿಲ್ಲಲಿಲ್ಲ ಮಾರಾಯ್ರೆ. ಈ ಸಲವೂ ಇಲ್ಲ ಅಂದ್ರೆ ಕೊಟ್ಟೇ ಬಿಡೂದು.”

ಹಾಗೆ ಹೇಳುತ್ತ ಶಾರದಕ್ಕ ಗೌರಿಯ ಕೊರಳ ಕೆಳಗೆ ಜೋಲುವ ಗಂಗೆದೊಗಲು ಸವರುತ್ತಿದ್ದರು. ನಾನು ಇಲ್ಲ ಎಂದರೆ ಗಬ್ಬದ ಹಸು ಕೈ ಬಿಟ್ಟು ಹೋಗಬಹುದು. ಹೌದು ಎಂದರೆ ಬರಡು ಹಸುವಿಗೆ ತಿಂಗಳುಗಟ್ಟಲೆ ಹಿಂಡಿ ಹಾಕುತ್ತ ಆಯಮ್ಮ ಕಾಯಬೇಕು. ಕೈ ಹೊರಗೆ ತೆಗೆದೆ.

“ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡ್ತೀನಿ ಶಾರದಕ್ಕ. ಅಲ್ಲಿವರೆಗೆ ಕೊಡಬೇಡಿ.”

ಶಾರದಕ್ಕ ನನ್ನ ಮುಖ ನೋಡಿದರು. “ನೀವು ಯಾವತ್ತೂ ಇನ್ನೊಮ್ಮೆ ಅಂದವರಲ್ಲ” ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆ ವಾರ ನಾನು ನಿಜಕ್ಕೂ ಹೆದರಿದ್ದೆ. ಅದನ್ನು ಸುತ್ತಿ ಬಳಸಿ ಹೇಳುವುದು ಬೇಡ. ಬೆರಳಿಗೆ ಸ್ಪರ್ಶ ಹೋದರೆ ಹಳ್ಳಿಯ ಪಶುವೈದ್ಯನಿಗೆ ಉಳಿಯುವುದು ಏನು? ಯಾವುದೋ ಊರಿನ ಆಫೀಸಿನಲ್ಲಿ ಫ್ಯಾನ್ ಕೆಳಗೆ ಕೂತು ಫೈಲಿಗೆ ಸಹಿ ಹಾಕುವುದು. ಹಾಗೆ ಕೂರಬೇಕೆಂದು ಆಸೆಪಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತ್ರ ಸಗಣಿಯ ವಾಸನೆ ಇಲ್ಲದ ದಿನ ರಜೆಯ ದಿನದ ಹಾಗೆ ಅನಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಬೇಜಾರು ಬರುತ್ತದೆ.

ಕೈ ಜೋಮು ಎಂದು ಬಾಯಿ ತಪ್ಪಿ ಹೇಳಿದ್ದೇ ತಡ, ಸಲಹೆಗಳು ಶುರುವಾದವು. ನಮ್ಮ ಆಸ್ಪತ್ರೆಯ ಸಹಾಯಕ “ಶುಗರ್ ಸಾರ್, ಗ್ಯಾರಂಟಿ ಶುಗರ್” ಎಂದ. (ಅವನ ಮುಖದಲ್ಲಿದ್ದ ಖುಷಿ ನೋಡಬೇಕಿತ್ತು. ಅವನಿಗೂ ಶುಗರ್, ಜೊತೆಗೊಬ್ಬ ಸಿಕ್ಕಿದನಲ್ಲ.) ಶೃಂಗೇರಿಯಿಂದ ನನ್ನ ಅತ್ತೆ ಫೋನ್ ಮಾಡಿ “ಎಡಗೈ ಅಂದ್ರೆ ಹಾರ್ಟು, ಸುಮ್ಮನೆ ಕೂರಬೇಡಿ” ಎಂದರು. ಮೊಬೈಲಿನಲ್ಲಿ ಹುಡುಕಿದೆ. ಮೊದಲ ಪುಟದಲ್ಲಿ ವಿಟಮಿನ್ ಕೊರತೆ, ಎರಡನೆಯ ಪುಟದಲ್ಲಿ ಕುತ್ತಿಗೆಯ ಮೂಳೆ, ಮೂರನೆಯದರಲ್ಲಿ ಹೆಸರು ಓದಲೂ ಭಯವಾಗುವ ಕಾಯಿಲೆಗಳು. ಅಲ್ಲಿಗೆ ನಿಲ್ಲಿಸಿದೆ.

ಕೊಪ್ಪದಲ್ಲಿ ಮನುಷ್ಯರ ಡಾಕ್ಟರ ಹತ್ತಿರ ಹೋದೆ. ಶುಗರ್ ಸರಿ ಇದೆ. ಹೃದಯ ಸರಿ ಇದೆ. “ನರ ಎಲ್ಲೋ ಒತ್ತುತ್ತಿದೆ. ಬೈಕ್ ಕಡಿಮೆ ಮಾಡಿ” ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಬೈಕ್ ಕಡಿಮೆ ಮಾಡಿ! ನನ್ನ ಕೆಲಸದ ಜಾಗ ಕೊಪ್ಪದ ಕಡೆ. ಹುದ್ದೆ ಖಾಲಿ ಇರುವುದರಿಂದ ಎನ್.ಆರ್. ಪುರದ ಕಡೆಗೂ ನಾನೇ ಇನ್‌ಚಾರ್ಜ್. ಬೈಕ್ ಬಿಟ್ಟು ಹಸುಗಳನ್ನೇ ಬಸ್ಸಿನಲ್ಲಿ ನನ್ನ ಹತ್ತಿರ ಕಳಿಸಿ ಎನ್ನಲೇ?

ಮಾತ್ರೆ ನುಂಗಿದೆ. ಜೋಮು ಹೋಗಲಿಲ್ಲ.

ಇಲ್ಲಿ ನನ್ನ ಬೈಕಿನ ಬಗ್ಗೆ ಎರಡು ಮಾತು ಹೇಳಬೇಕು.

ನಮ್ಮ ಕಡೆ ಮನೆಗಳು ರಸ್ತೆ ಪಕ್ಕದಲ್ಲಿ ಇರುವುದಿಲ್ಲ. ಫೋನಿನಲ್ಲಿ ದಾರಿ ಹೇಳಿದರೆ “ಹಲಸಿನ ಮರದ ಹತ್ರ ಎಡಕ್ಕೆ, ಆಮೇಲೆ ಯಾರನ್ನಾದ್ರೂ ಕೇಳಿ” ಎನ್ನುತ್ತಾರೆ. ಆಮೇಲೆ ಯಾರೂ ಸಿಗುವುದಿಲ್ಲ. ಹಾಗಾಗಿ ಡಾಕ್ಟರು ಬರುತ್ತಾರೆಂದರೆ ಮನೆಯವರೊಬ್ಬರು ಬಸ್ ಸ್ಟಾಪಿಗೆ ಬಂದು ಕಾಯುತ್ತಾರೆ. ಅವರನ್ನು ಹಿಂದೆ ಕೂರಿಸಿಕೊಂಡು, ಅವರು ತೋರಿಸಿದ ಕಡೆ ತಿರುಗಿಸುತ್ತ ಹೋಗುವುದು. ಕೆಲಸ ಮುಗಿದ ಮೇಲೆ ಅವರಿಗೆ ಹೇಗೂ ಪೇಟೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತದೆ. ವಾಪಸ್ ಬರುವಾಗಲೂ ಹಿಂದೆ ಇರುತ್ತಾರೆ. ನನ್ನ ಬೈಕಿನ ಹಿಂದಿನ ಸೀಟು ಖಾಲಿ ಇರುವುದು ಅಪರೂಪ.

ಈ ಹಿಂದಿನ ಸೀಟಿನ ಬಗ್ಗೆ ದೂರುಗಳಿದ್ದವು. “ಕಲ್ಲಿನ ಮೇಲೆ ಕೂತ ಹಾಗಾಗ್ತದೆ ಡಾಕ್ಟ್ರೆ.” ಹೆಂಡತಿ ಸುಮಾಳದ್ದೂ ಅದೇ ದೂರು. ಶೃಂಗೇರಿಗೆ ತವರಿಗೆ ಹೋಗಿ ಬಂದರೆ ಒಂದು ದಿನ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಸೀಟ್ ಕವರ್ ಅಂಗಡಿಗೆ ಕೊಟ್ಟು, ಹಿಂದಿನ ಭಾಗಕ್ಕೆ ದಪ್ಪಗೆ ಫೋಮ್ ಹಾಕಿಸಿದೆ. “ಎಷ್ಟು ಹಾಕಲಿ?” ಎಂದು ಅಂಗಡಿಯವನು ಕೇಳಿದ. “ಹಾಕಿ, ಧಾರಾಳವಾಗಿ ಹಾಕಿ” ಎಂದೆ.

ಮೆಚ್ಚುಗೆಯೋ ಮೆಚ್ಚುಗೆ. ದಾರಿ ತೋರಿಸಲು ಬಂದವರು ದಾರಿ ತೋರಿಸುವುದನ್ನೇ ಮರೆಯುತ್ತಿದ್ದರು. “ಸೋಫಾ ಇದ್ದ ಹಾಗುಂಟು!” ಒಬ್ಬರಂತೂ ಮನೆ ಬಂದರೂ ಇಳಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ನನಗೂ ಹೆಮ್ಮೆ. ಅದಕ್ಕೂ ಮೊದಲು, ಮಳೆಯಲ್ಲೊಮ್ಮೆ ಕೆಸರಿನಲ್ಲಿ ಗಾಡಿ ಮಗುಚಿ, ಹ್ಯಾಂಡಲ್ ಒಂದಿಷ್ಟು ಮುಂದಕ್ಕೆ ತಿರುಗಿ ಕೆಳಗೆ ಬಾಗಿತ್ತು. ಗಾಡಿ ಓಡುತ್ತಿತ್ತಲ್ಲ, ಬಿಟ್ಟಿದ್ದೆ.

ಈ ಎರಡಕ್ಕೂ ನನ್ನ ಕೈಗೂ ಸಂಬಂಧ ಇರಬಹುದೆಂದು ಹೊಳೆಯಲೇ ಇಲ್ಲ. ಹೊಳೆದದ್ದು ಶೆಟ್ಟಿಕೊಪ್ಪದಲ್ಲಿ, ಇನ್ನೊಬ್ಬರಿಗೆ ಬುದ್ಧಿ ಹೇಳುತ್ತಿದ್ದಾಗ.

ಶೆಟ್ಟಿಕೊಪ್ಪದ ರುದ್ರಪ್ಪನವರು ಹೊಸ ಕೊಟ್ಟಿಗೆ ಕಟ್ಟಿಸಿದ್ದಾರೆ. ನೆಲಕ್ಕೆ ಸಿಮೆಂಟು, ಹುಲ್ಲು ಹಾಕುವ ಗೋದಲಿಗೂ ಸಿಮೆಂಟು, ಹಸುವಿಗೂ ಗೋದಲಿಗೂ ನಡುವೆ ಅಡ್ಡಡ್ಡ ಕಬ್ಬಿಣದ ಪೈಪು. ನೋಡಲು ಚೆಂದ. ಹಸು ಮಾತ್ರ ಸೊರಗಿತ್ತು. ಕುತ್ತಿಗೆಯ ಮೇಲ್ಭಾಗದ ಕೂದಲು ಉದುರಿ ಚರ್ಮ ದಪ್ಪಗಾಗಿತ್ತು. ಮುಂಗಾಲಿನ ಮಂಡಿ ಊದಿಕೊಂಡಿತ್ತು.

“ಯಾವ ಕಾಯಿಲೆ ಸಾರ್ ಇದು?” ರುದ್ರಪ್ಪನವರು ಗಾಬರಿಯಾಗಿದ್ದರು.

ನಾನು ಹಸು ಮೇಯುವುದನ್ನು ನೋಡಿದೆ. ಪೈಪು ಬಹಳ ಕೆಳಗಿತ್ತು. ಹುಲ್ಲಿಗೆ ಬಾಯಿ ಹಾಕಬೇಕಾದರೆ ಹಸು ಪೈಪಿನ ಕೆಳಗೆ ತಲೆ ತೂರಿಸಿ, ಕುತ್ತಿಗೆಯನ್ನು ಪೈಪಿಗೆ ಒತ್ತಿ, ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿ, ಕೊನೆಗೆ ಮಂಡಿಯೂರುತ್ತಿತ್ತು.

“ಪೈಪು ಇಷ್ಟು ಕೆಳಗೆ ಯಾಕೆ ಹಾಕ್ಸಿದ್ರಿ?”

“ಮೇಲೆ ಹಾಕಿದ್ರೆ ತಲೆ ಎತ್ತಿ ಹುಲ್ಲು ಹೊರಗೆ ಎಳೆದು ಹಾಕ್ತದೆ ಸಾರ್. ಗುಡಿಸೋರು ಯಾರು?”

“ಹಂಗಾದ್ರೆ ಇದು ಗುಡಿಸೋರ ಅಳತೆಗೆ ಮಾಡ್ಸಿದ್ದು. ಹಸುವಿನ ಅಳತೆಗಲ್ಲ.”

“ಅದಿರ್ಲಿ ಸಾರ್, ಒಂದು ಇಂಜೆಕ್ಷನ್ ಹಾಕಿ.”

“ಇಂಜೆಕ್ಷನ್ ಹಾಕಿದ್ರೆ ಪೈಪು ಮೇಲೆ ಹೋಗ್ತದಾ ರುದ್ರಪ್ಪನೋರೆ?” ನನಗೆ ಸಿಟ್ಟು ಬಂತು. “ಹಸುವಿಗೆ ಏನೂ ಆಗಿಲ್ಲ. ನಿಂತ ಜಾಗ ಸರಿ ಇಲ್ಲ. ದಿನಾ ಮೈಭಾರ ಎಲ್ಲ ಮುಂದಕ್ಕೆ ಹಾಕಿ ಬಗ್ಗಿಕೊಂಡೇ ಇದ್ರೆ ಯಾವ ಪ್ರಾಣಿಗೆ ತಾನೇ...”

ವಾಕ್ಯ ಮುಗಿಸಲು ಆಗಲಿಲ್ಲ. ಮಾತಾಡುತ್ತ ನಾನು ಎಡಗೈಯನ್ನು ಕೊಡವುತ್ತಿದ್ದೆ. ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಇತ್ತು.

ರುದ್ರಪ್ಪನವರು “ಎಂತ ಆಯ್ತು ಸಾರ್?” ಎಂದರು. ಏನಿಲ್ಲ ಎಂದೆ. ಪೈಪು ಎಷ್ಟು ಎತ್ತರಿಸಬೇಕೆಂದು ಗೋಡೆಗೆ ಗುರುತು ಹಾಕಿ ಕೊಟ್ಟೆ. (ಸಮಾಧಾನಕ್ಕೆ ಮಂಡಿಗೆ ಹಚ್ಚಲು ಮುಲಾಮೂ ಕೊಟ್ಟೆ. ಏನೂ ಕೊಡದ ಡಾಕ್ಟರನ್ನು ನಮ್ಮ ಜನ ಡಾಕ್ಟರೆಂದು ಒಪ್ಪುವುದಿಲ್ಲ. ನಾನೂ ನಮ್ಮ ಜನವೇ.)

ವಾಪಸ್ ಬರುವಾಗ ರುದ್ರಪ್ಪನವರಿಗೆ ಪೇಟೆಯಲ್ಲಿ ಕೆಲಸ ನೆನಪಾಗಲಿಲ್ಲ. ಹಿಂದೆ ಯಾರೂ ಇರಲಿಲ್ಲ. ದಾರಿಯಲ್ಲಿ ಗಾಡಿ ನಿಲ್ಲಿಸಿ, ಇಳಿಯದೆ, ನಾನು ಎಲ್ಲಿ ಕೂತಿದ್ದೇನೆಂದು ಮೊದಲ ಸಲ ನೋಡಿಕೊಂಡೆ. ಪೆಟ್ರೋಲ್ ಟ್ಯಾಂಕಿಗೆ ಹೊಟ್ಟೆ ತಾಗಿತ್ತು. ಹಿಂದೆ ಇಬ್ಬರು ಕೂರುವಷ್ಟು ಜಾಗ. ಹಿಂದಕ್ಕೆ ಸರಿದು ಕೂತೆ. ಫೋಮಿನ ಇಳಿಜಾರು ನನ್ನನ್ನು ಮೆತ್ತಗೆ ಮತ್ತೆ ಟ್ಯಾಂಕಿಗೆ ತಂದು ಬಿಟ್ಟಿತು. ಮುಂದೆ ಹ್ಯಾಂಡಲ್ ಕೆಳಗೆ ಬಾಗಿದೆ. ಜಾರದೆ ಇರಲು ನಾನು ಎರಡೂ ಅಂಗೈಯಲ್ಲಿ ಅದನ್ನು ಒತ್ತಿ ಹಿಡಿದಿದ್ದೇನೆ. ನಮ್ಮ ರಸ್ತೆಯ ಪ್ರತಿ ತಿರುವಿನಲ್ಲೂ ಕ್ಲಚ್ ಹಿಡಿಯಬೇಕು, ಅದು ಎಡಗೈಯ ಕೆಲಸ. ಮಣಿಕಟ್ಟು ಇಡೀ ದಿನ ಮೇಲಕ್ಕೆ ಮಡಚಿಕೊಂಡೇ ಇರುತ್ತದೆ.

ರುದ್ರಪ್ಪನವರ ಹಸುವಿಗೂ ನನಗೂ ಇದ್ದ ವ್ಯತ್ಯಾಸ ಒಂದೇ, ನನಗೆ ಹೆಲ್ಮೆಟ್ ಇತ್ತು.

ಅಲ್ಲೇ ಒಬ್ಬನೇ ಜೋರಾಗಿ ನಕ್ಕೆ. ಆ ನಗುವಿನಲ್ಲಿ ಎಷ್ಟು ನಿರಾಳ ಇತ್ತೆಂದು ಹೇಗೆ ಹೇಳಲಿ? ಶುಗರ್ ಅಲ್ಲ, ಹಾರ್ಟ್ ಅಲ್ಲ, ಮೂರನೆಯ ಪುಟದ ಕಾಯಿಲೆಯೂ ಅಲ್ಲ. ಬರೀ ಫೋಮು! ಖಾತ್ರಿ ಇನ್ನೂ ಇರಲಿಲ್ಲ ನಿಜ. ಆದರೂ ಮನಸ್ಸಿಗೆ ಅಷ್ಟು ಹೊತ್ತಿಗೇ ಗೊತ್ತಾಗಿತ್ತು.

ಭಾನುವಾರ ಅಂಗಳದಲ್ಲಿ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಸುಮಾಳಿಗೆ ಮೊಬೈಲ್ ಕೊಟ್ಟು, ನಾನು ಗಾಡಿಯ ಮೇಲೆ ಕೂತಾಗ ಪಕ್ಕದಿಂದ ಫೋಟೋ ತೆಗೆ ಎಂದೆ.

ಅವಳು ತೆಗೆದಳು, ನೋಡಿದಳು. “ಇದೆಂತ ಕೂರೂದು ನೀವು? ಯಾರದೋ ಕಾಲಿಗೆ ಬೀಳೋಕೆ ಹೊರಟ ಹಾಗಿದೆ.”

ಫೋಟೋದಲ್ಲಿ ಬೆನ್ನು ಬಿಲ್ಲಿನಂತೆ ಬಾಗಿತ್ತು. ಭುಜ ಕಿವಿಯ ಹತ್ತಿರ ಬಂದಿತ್ತು. ತಿಂಗಳುಗಟ್ಟಲೆ ಹೀಗೆ ತಾಲ್ಲೂಕು ಸುತ್ತಿದ್ದೇನೆ, ಒಬ್ಬರೂ ಹೇಳಲಿಲ್ಲ. ಹೇಳುವುದು ಹೇಗೆ, ಹಿಂದೆ ಕೂತವರಿಗೆ ನನ್ನ ಬೆನ್ನು ತಾನೇ ಕಾಣುವುದು? ಒರಗಲು ಅದು ದಿಂಬಿನ ಹಾಗೆ ಅನುಕೂಲವಾಗಿತ್ತೋ ಏನೋ.

ಸೀಟು ಸರಿಯಾದ ಮೇಲೂ ಈ ಅವತಾರ; ಅದನ್ನು ಶನಿವಾರವೇ ಬಿಚ್ಚಿಸಿ ಹಿಂದಿನ ಫೋಮನ್ನು ಬಹುಪಾಲು ತೆಗೆಸಿ, ಮುಂದಿನ ಭಾಗ ಮಟ್ಟಸವಾಗುವಂತೆ ಮಾಡಿಸಿದ್ದೆ. ಈಗ ಹ್ಯಾಂಡಲ್. ಅದನ್ನು ಹಿಡಿದಿರುವ ಕ್ಲಾಂಪಿನ ಬೋಲ್ಟುಗಳನ್ನು ಸ್ವಲ್ಪವೇ ಸಡಿಲಿಸಿ ನನ್ನ ಕಡೆಗೆ ತಿರುಗಿಸಿದೆ. ಎಷ್ಟು? ಸೀಟಿನ ಮೇಲೆ ಬೆನ್ನು ನೇರ ಮಾಡಿ ಕೂತು, ಕಣ್ಣು ಮುಚ್ಚಿ, ಕೈ ಸುಮ್ಮನೆ ಮುಂದೆ ಚಾಚಿದೆ. ಕೈ ತಾನಾಗಿ ಎಲ್ಲಿ ಇಳಿಯುತ್ತದೋ ಅಲ್ಲಿ ಹ್ಯಾಂಡಲ್ ಇರಬೇಕು. ಮೊದಲ ಸಲ ಅತಿಯಾಯಿತು. ಪೂರ್ತಿ ತಿರುಗಿಸಿದರೆ ಹ್ಯಾಂಡಲಿನ ತುದಿ ಮಂಡಿಗೆ ಬಡಿಯುತ್ತಿತ್ತು, ಕ್ಲಚ್ ವೈರ್ ಬಿಗಿಯಾಗುತ್ತಿತ್ತು. ಇಂಥ ಗಾಡಿಯಲ್ಲಿ ನಮ್ಮ ಘಾಟಿಯ ತಿರುವು ತೆಗೆದುಕೊಂಡರೆ ಕೈ ಸರಿಹೋಗುವ ಮೊದಲು ಕಾಲು ಹೋಗುತ್ತದೆ. ಮತ್ತೆ ಸ್ವಲ್ಪ ಮುಂದಕ್ಕೆ ತಳ್ಳಿದೆ. ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಬೋಲ್ಟುಗಳನ್ನು ಒಂದಾದ ಮೇಲೊಂದು ಸಮನಾಗಿ ಬಿಗಿ ಮಾಡಿದೆ.

ಆಮೇಲೆ ಕ್ಲಚ್ ಮತ್ತು ಬ್ರೇಕ್ ಲಿವರ್. ಹ್ಯಾಂಡಲ್ ತಿರುಗಿಸಿದ್ದರಿಂದ ಅವು ಆಕಾಶ ನೋಡುತ್ತಿದ್ದವು. ತೋಳಿನ ನೇರಕ್ಕೆ ಬೆರಳು ಹೋಗುವ ಹಾಗೆ ಕೆಳಗೆ ತಿರುಗಿಸಿದೆ. ಮಣಿಕಟ್ಟು ಮಡಚದೆ ಕ್ಲಚ್ ಹಿಡಿಯಬಹುದೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಸುಮಾ ಇನ್ನೊಂದು ಫೋಟೋ ತೆಗೆದಳು. “ಈಗ ಮನುಷ್ಯರ ಹಾಗೆ ಕೂತಿದ್ದೀರಿ” ಎಂದಳು. ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದಳು: “ಹಸುವಿಗೆ ಪೈಪು ಆಯ್ತು, ನಿಮಗೆ ಹ್ಯಾಂಡಲ್ ಆಯ್ತು. ನಾನು ದಿನಾ ಬಗ್ಗಿ ಪಾತ್ರೆ ತೊಳೆಯೋ ಸಿಂಕು ಯಾರ ಅಳತೆಗೆ ಹಾಕ್ಸಿದ್ದು?”

ಮೇಸ್ತ್ರಿ ಇಷ್ಟು ಸಾಕಾ ಎಂದು ಕೇಳಿದಾಗ ಸಾಕು ಎಂದವನು ನಾನು, ಪಾತ್ರೆ ತೊಳೆಯುವವಳು ಅವಳು. ಮಧ್ಯಾಹ್ನದ ಊಟದ ಪಾತ್ರೆ ನಾನೇ ತೊಳೆದೆ. ಹತ್ತು ಪಾತ್ರೆಗೇ ಸೊಂಟ ಮಾತಾಡಿತು. ಸದ್ಯಕ್ಕೆ ಸಿಂಕಿನೊಳಗೆ ಒಂದು ಬೋಗುಣಿ ಕವುಚಿ ಹಾಕಿ, ಅದರ ಮೇಲೆ ಪಾತ್ರೆ ಇಟ್ಟು ತೊಳೆಯುತ್ತಿದ್ದೇವೆ. ಸಿಂಕ್ ಎತ್ತರಿಸಲು ಮೇಸ್ತ್ರಿಗೆ ಹೇಳಿದ್ದೇವೆ. (ಬರುತ್ತೇನೆ ಎಂದಿದ್ದಾನೆ. ಮೇಸ್ತ್ರಿ ಬರುತ್ತೇನೆ ಎಂದರೆ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.)

ಯೋಚಿಸಿ ನೋಡಿ. ಬಗ್ಗುವುದು ನಮಗೆ ಎಷ್ಟು ಸಲೀಸು! ವಸ್ತು ಹೇಗಿದೆಯೋ ಹಾಗೆ ಮೈಯನ್ನು ತಿರುಚಿಕೊಳ್ಳುತ್ತೇವೆ, ನೋವಾದರೆ ಮೈಗೆ ಔಷಧಿ ಹುಡುಕುತ್ತೇವೆ. ಹ್ಯಾಂಡಲಿಗೆ ನಾಲ್ಕು ಬೋಲ್ಟು ಇರುವುದೇ ತಿರುಗಿಸಲಿ ಎಂದು. ಆದರೆ ಕಂಪನಿಯವರು ಕೊಟ್ಟ ಮೇಲೆ, ಅಥವಾ ಮಳೆಯಲ್ಲಿ ಬಿದ್ದು ತಾನಾಗಿ ಬಾಗಿದ ಮೇಲೆ, ಅದನ್ನು ಮುಟ್ಟಲು ನಮಗೇನೋ ಸಂಕೋಚ. ಹಿಂದೆ ಕೂತವರು ಕೇಳಿದರೆ ಮಾತ್ರ ತಕ್ಷಣ ಅಂಗಡಿಗೆ ಓಡುತ್ತೇವೆ.

ಜೋಮು ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ತೋಳು ಹಗುರಾಯಿತು. ಆಮೇಲೆ ಕುತ್ತಿಗೆ. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಎಡಗೈಯ ಬೆರಳಿಗೆ ಗುಂಡಿಯ ತೂತುಗಳು ಗೊತ್ತಾದವು. ಗುಂಡಿಗೆ ನಾಲ್ಕು ತೂತು ಇರುತ್ತದೆಂದು ಅಷ್ಟು ಸಂತೋಷಪಟ್ಟವರು ಪ್ರಪಂಚದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಹಾಗೇ ಸ್ವಲ್ಪ ಹೊತ್ತು ಗುಂಡಿ ಸವರುತ್ತ ನಿಂತಿದ್ದೆ. ಸುಮಾ ತಿಂಡಿ ಆರುತ್ತಿದೆ ಎಂದು ಕೂಗಿದಳು.

ಎರಡು ವಾರ ಕಳೆದು ಕಮ್ಮರಡಿಗೆ ಹೋದೆ. ಬಸ್ ಸ್ಟಾಪಿನಲ್ಲಿ ಯಾರೂ ಕಾಯುತ್ತಿರಲಿಲ್ಲ, ಶಾರದಕ್ಕನ ಮನೆಯ ದಾರಿ ನನಗೆ ಗೊತ್ತು. ದಾರಿಯುದ್ದಕ್ಕೂ ಒಂದೇ ಚಿಂತೆ. ಗೌರಿಯನ್ನು ಕೊಟ್ಟು ಬಿಟ್ಟಿದ್ದರೆ? ಕೊಟ್ಟಿಗೆಯ ಹತ್ತಿರ ಬಂದಾಗ ಅವಳ ಕೊರಳ ಗಂಟೆಯ ಸದ್ದು ಕೇಳಿ ಉಸಿರು ಬಿಟ್ಟೆ.

“ದಲ್ಲಾಳಿ ಬಂದಿದ್ದ” ಎಂದರು ಶಾರದಕ್ಕ. “ಡಾಕ್ಟ್ರು ಬೇಡ ಅಂದಿದ್ದಾರೆ ಅಂತ ಕಳಿಸಿದೆ. ಈಗ ನೋಡಿ ಸರಿಯಾಗಿ ಹೇಳಿ, ಇನ್ನೊಮ್ಮೆ ಗಿನ್ನೊಮ್ಮೆ ಇಲ್ಲ.”

ಗ್ಲೌಸ್ ಹಾಕಿದೆ. ಎಡಗೈ ಒಳಗೆ ಹೋಯಿತು. ಬೆಚ್ಚಗೆ. ಬೆರಳು ತಾನು ಕಲಿತ ದಾರಿಯಲ್ಲಿ ಮೆಲ್ಲಗೆ ಸರಿಯುತ್ತ ಹೋಗಿ ಆ ನಾಳವನ್ನು ಹಿಡಿಯಿತು. ಹಿಡಿದು ಸುಮ್ಮನೆ ಕಾದೆ.

ಝುಂ.

ಈ ಸಲ ನನ್ನ ಬೆರಳು ಪೂರ್ತಿ ಮೌನವಾಗಿತ್ತು. ನಡುಗುತ್ತಿದ್ದದ್ದು ಗೌರಿ. ನನ್ನ ಕಣ್ಣು ತುಂಬಿತು. (ಕೊಟ್ಟಿಗೆಯ ಹೊಗೆ ಎಂದು ಬರೆಯಬಹುದಿತ್ತು. ಹೊಗೆ ಇರಲಿಲ್ಲ.)

“ಉಂಟು ಶಾರದಕ್ಕ. ಗಬ್ಬ ಉಂಟು. ಗ್ಯಾರಂಟಿ.”

ಶಾರದಕ್ಕ ಗೌರಿಯ ಕೊರಳು ತಬ್ಬಿ ಹಿಡಿದು, ಹಣೆಗೆ ಹಣೆ ಇಟ್ಟರು. ಕೊಟ್ಟೇ ಬಿಡೂದು ಎಂದಿದ್ದವರು! ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು “ಕಾಫಿ ಕುಡಿದು ಹೋಗಿ. ನಂಗೂ ಪೇಟೆಯಲ್ಲಿ ಒಂಚೂರು ಕೆಲಸ ಉಂಟು, ನಿಮ್ಮ ಗಾಡಿಯಲ್ಲೇ ಬರ್ತೀನಿ” ಎಂದರು.

ಕಾಫಿ ಆಯಿತು. ಶಾರದಕ್ಕ ಚೀಲ ಹಿಡಿದುಕೊಂಡು ಬಂದು ಹಿಂದೆ ಕೂತರು. ಗಾಡಿ ಹೊರಟಿತು. ಮೊದಲ ಹೊಂಡ ದಾಟುತ್ತಲೇ ಹಿಂದಿನಿಂದ ದನಿ ಬಂತು.

“ಇದೆಂತ ಡಾಕ್ಟ್ರೆ! ಮುಂಚೆ ಸೋಫಾ ಇದ್ದ ಹಾಗಿತ್ತು, ಈಗ ಮತ್ತೆ ಕಲ್ಲಾಯ್ತಲ್ಲ? ಮೊದಲಿನ ಹಾಗೆ ಮಾಡ್ಸಿ ಮಾರಾಯ್ರೆ, ಕೂರೂಕಾಗೂದಿಲ್ಲ.”

“ಮಾಡ್ಸಣ” ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ತಿರುವು ಬಂತು. ಎಡಗೈ ಕ್ಲಚ್ ಹಿಡಿಯಿತು, ಐದೂ ಬೆರಳಿಗೆ ಅದು ಗೊತ್ತಾಯಿತು.

ಓದುಗರೇ, ನಿಮ್ಮ ಗಾಡಿಯ ಸೀಟನ್ನು ಹಿಂದೆ ಕೂತವರು ತುಂಬ ಹೊಗಳುತ್ತಿದ್ದಾರೆಯೇ?